ಹಿಟ್ಟು ಅನ್ನಬಾರದ ಮನೆ

ನಮ್ಮ ಮನೆಯಲ್ಲಿ ಹಿಟ್ಟು ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಬೈಗುಳ ಬಾಯಿಗೆ ಬಂದರೆ ಅಪ್ಪ ಕಿವಿ ಹಿಂಡಿ ಸುಮ್ಮನಾಗುತ್ತಿದ್ದ. ಹಿಟ್ಟು ಎಂದರೆ ಮಾತ್ರ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಎಂದೇ ಹೆಸರು. ಹಟ್ಟಿಯಲ್ಲಿ ಎದುರಿಗೆ ಸಿಕ್ಕವರನ್ನು ಚೆನ್ನಾಗಿದ್ದೀಯಾ ಎಂದು ಯಾರೂ ಕೇಳುವುದಿಲ್ಲ, ಹಿಟ್ಟು ಉಂಡ್ಯಾ ಎಂದೇ ಕೇಳುವುದು. ಅಂಥ ಕಡೆಯಿಂದ ಬಂದ ಪುಟ್ಟಕ್ಕ, ಎಂದರೆ ನನ್ನ ಸೋದರತ್ತೆ, ಆರು ವರ್ಷ ನಮ್ಮ ಮನೆಯಲ್ಲಿ ಆ ಮಾತನ್ನು ನುಂಗಿಕೊಂಡು ಬದುಕಿದಳು. ಅದೆಷ್ಟು ಕಷ್ಟವಾಗಿತ್ತೋ ನನಗೆ ಗೊತ್ತಿಲ್ಲ. ಹೇಳಿಕೊಳ್ಳುವ ಹೆಂಗಸಲ್ಲ ಅವಳು.

ಅವಳ ವಿಷಯ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಆಯಾಸವಾಗುತ್ತದೆ. ಬರೆಯುವಂಥದ್ದು ಅವಳ ಬದುಕಿನಲ್ಲಿ ಬಹಳ ಇರಲಿಲ್ಲ, ಇದ್ದದ್ದರಲ್ಲಿ ನನ್ನ ತಪ್ಪೇ ದೊಡ್ಡದು. ಆದರೂ ಹೇಳಿಬಿಡುತ್ತೇನೆ.

ಸಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕೆರೆಯಾಚೆ ಒಂದು ಗೊಲ್ಲರಹಟ್ಟಿ ಇದೆ. ಪುಟ್ಟಕ್ಕ ಹುಟ್ಟಿದ್ದು ಅಲ್ಲಿ. ತಮ್ಮ ಕ್ಯಾತಪ್ಪನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡೇ ಕುರಿ ಕಾದಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಹಾವು ಕಚ್ಚಿ ಸತ್ತ. ಮಕ್ಕಳಿರಲಿಲ್ಲ. ತವರಿಗೆ ವಾಪಸು ಬಂದು ಮತ್ತೆ ಕುರಿಗಳ ಹಿಂದೆ ಹೊರಟಳು. ತಮ್ಮ ಸಿರಾಕ್ಕೆ ಓದಲು ಹೋಗುವಾಗ ಬಟ್ಟೆಯಲ್ಲಿ ಹಿಟ್ಟು ಕಟ್ಟಿ ಕಳಿಸುತ್ತಿದ್ದವಳು ಅವಳೇ. ಆ ತಮ್ಮ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವನಾದ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ, ಕೊರಟಗೆರೆಯಲ್ಲಿ ಎರಡು ವರ್ಷ ಇದ್ದು ಮಧುಗಿರಿಗೆ ಬಂದ. ಆ ಕ್ಯಾತಪ್ಪನೇ ನಮ್ಮಪ್ಪ.

ನಮ್ಮವ್ವ ಭೀಮಕ್ಕ ಸತ್ತದ್ದು ಎಪ್ಪತ್ಮೂರರ ಬೇಸಿಗೆಯಲ್ಲಿ. ಆಗ ನನಗೆ ನಾಲ್ಕು ವರ್ಷ. ಮೊದಲೇ ಕಡ್ಡಿಯಂತಿದ್ದವಳು, ಎರಡನೆಯ ಬಸಿರು ಇಳಿದುಹೋಗಿ ಹಾಸಿಗೆ ಹಿಡಿದಳು. ದೊಡ್ಡಾಸ್ಪತ್ರೆಗೆ ಕರೆದೊಯ್ದಾಗ ಅಲ್ಲಿದ್ದ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ, ಏನು ತಿಂತಾಳೆ ಎಂದು ಕೇಳಿದರಂತೆ. ಅಪ್ಪ ಹಿಟ್ಟು ಎಂದ. ಬರೀ ಹಿಟ್ಟು ತಿಂದ್ರೆ ರಕ್ತ ಎಲ್ಲಿಂದ ಬರುತ್ತೆ ಎಂದರಂತೆ ಅವರು. ಕಾಳು, ಸೊಪ್ಪು, ಹಾಲು ಯಾವುದೂ ಇಲ್ಲದೆ ಮೆಣಸಿನಕಾಯಿ ನೀರಿನಲ್ಲಿ ಹಿಟ್ಟು ನುಂಗಿದರೆ ಆಗದು ಎಂಬುದು ಅವರ ಮಾತಿನ ಅರ್ಥ. ಅಪ್ಪನ ಕಿವಿಗೆ ಬಿದ್ದದ್ದು ಹಿಟ್ಟು ಎಂಬುದೊಂದೇ. ಮೂರನೆಯ ದಿನ ಅವ್ವ ಹೋದಳು. ಹಿಟ್ಟೇ ಹೆಂಡತಿಯನ್ನು ತಿಂದಿತು ಎಂದು ಅಪ್ಪ ತೀರ್ಮಾನ ಮಾಡಿಕೊಂಡ. ಆ ತೀರ್ಮಾನವನ್ನು ಬದಲಿಸಿಕೊಳ್ಳಲು ಅವನಿಗೆ ಹದಿಮೂರು ವರ್ಷ ಬೇಕಾಯಿತು.

ನನ್ನನ್ನು ನೋಡಿಕೊಳ್ಳಲೆಂದು ಬಂದ ಅತ್ತೆಯ ಕೈಯಲ್ಲಿ ಒಂದು ಬಟ್ಟೆಗಂಟು, ಒಂದು ಹಿಟ್ಟಿನ ಕೋಲು ಇದ್ದವು. ಹಿಟ್ಟು ತಿರುವಿ ತಿರುವಿ ನುಣ್ಣಗಾಗಿದ್ದ, ಮೊಳಕ್ಕಿಂತ ಉದ್ದದ ಜಾಲಿ ಮರದ ಕೋಲು. ಅಪ್ಪ ಅದನ್ನು ನೋಡಿ, "ಅಕ್ಕ, ಇದು ನಮ್ಮನೇಲಿ ಬೇಕಾಗಲ್ಲ. ಇನ್ನು ಮೇಲೆ ಇಲ್ಲಿ ಮೂರು ಹೊತ್ತೂ ಅನ್ನ" ಎಂದ.

"ಅಂಗಾರೆ ಇದನ್ನೇನು ಮಾಡಾನ?" ಎಂದಳು ಅತ್ತೆ.

"ಬಟ್ಟೆ ಬೇಯಿಸೋಕೆ ಇಟ್ಕೋ."

ಅಂದಿನಿಂದ ಆ ಕೋಲು ಹಿತ್ತಲಿನಲ್ಲಿ ಸೋಡ ಹಾಕಿ ಕುದಿಸುವ ಬಟ್ಟೆಗಳನ್ನು ಮಗುಚುತ್ತ ಬೆಳ್ಳಗಾಯಿತು.

ಅಪ್ಪ ತರುತ್ತಿದ್ದದ್ದು ಕೊರಟಗೆರೆ ಕಡೆಯ ಮಿಲ್ಲಿನ ಸಣ್ಣಕ್ಕಿ. ಒಂದು ಸಲ ಪಾಲಿಷ್ ಆದದ್ದು ಅವನಿಗೆ ಸಾಲದು, ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ, ಕೆಂಪು ಗೆರೆ ಕಂಡರೆ ವಾಪಸು ಕೊಡುತ್ತಿದ್ದ. ಬೆಳಿಗ್ಗೆ ಅನ್ನ ತಿಳಿಸಾರು, ಇಲ್ಲವೇ ಚಿತ್ರಾನ್ನ. ಮಧ್ಯಾಹ್ನ ಡಬ್ಬಿಯಲ್ಲಿ ಮೊಸರನ್ನ. ಸಂಜೆ ಕಚೇರಿಯಿಂದ ಬರುವಾಗ ಬೇಕರಿಯ ಬನ್ನು, ಎರಡು ಚಮಚ ಸಕ್ಕರೆ ಹಾಕಿದ ಹಾಲು. ರಾತ್ರಿ ಮತ್ತೆ ಅನ್ನ. ನನ್ನ ತಟ್ಟೆ ಖಾಲಿಯಾಗುವುದನ್ನು ಅವನು ಕಾದು ಕೂತು ನೋಡುತ್ತಿದ್ದ. ತಾನು ಉಣ್ಣುವುದಕ್ಕಿಂತ ನಾನು ಉಣ್ಣುವುದೇ ಅವನಿಗೆ ಮುಖ್ಯವಾಗಿತ್ತು. ನಾನು ಇನ್ನಷ್ಟು ಎಂದರೆ ಅವನ ಮುಖ ಅರಳುತ್ತಿತ್ತು.

ನಾನು ಇನ್ನಷ್ಟು ಅನ್ನುತ್ತಲೇ ಇದ್ದೆ. ಹತ್ತು ವರ್ಷಕ್ಕೆ ನನ್ನ ತೋಳು ಅತ್ತೆಯ ತೋಳಿಗಿಂತ ದಪ್ಪವಾಗಿತ್ತು. ಶಾಲೆಯಲ್ಲಿ ಇಂದ್ರಮ್ಮ ಎಂಬ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ, ಉಳಿದಂತೆ ನಾನು ಗುಡಾಣ. ಕಾಳು ತುಂಬಿಡುವ ದೊಡ್ಡ ಮಡಕೆಯ ಹೆಸರು ಅದು. ಕುಂಟಾಬಿಲ್ಲೆಗೆ ಕರೆಯುತ್ತಿರಲಿಲ್ಲ, ಬೆಂಚಿನಲ್ಲಿ ಪಕ್ಕ ಕೂರುತ್ತಿರಲಿಲ್ಲ. ಅದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಹಸಿವು.

ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ದಪ್ಪಗಿರುವವರಿಗೆ ಹಸಿವು ಎಲ್ಲಿಂದ ಬರಬೇಕು, ಅದು ಬಾಯಿಚಪಲ ಅನ್ನುತ್ತಾರೆ. ಒಂಬತ್ತಕ್ಕೆ ತಟ್ಟೆ ತುಂಬ ಅನ್ನ ಉಂಡು ಹೋದವಳಿಗೆ ಎರಡನೆಯ ಪೀರಿಯಡ್ಡು ಮುಗಿಯುವ ಹೊತ್ತಿಗೆ ಮತ್ತೆ ಹಸಿವಾಗುತ್ತಿತ್ತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಡಬ್ಬಿಯ ಮುಚ್ಚಳ ತೆಗೆದು ಮೊಸರನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಬೆಲ್ಲು ಹೊಡೆಯುವಾಗ ಡಬ್ಬಿ ಖಾಲಿ. ಆಮೇಲೆ ಪಕ್ಕದವರ ಡಬ್ಬಿ ನೋಡುತ್ತ ಕೂರುವುದು. ಒಂದು ದಿನ ಯಾರದೋ ಕೊಬ್ಬರಿ ಮಿಠಾಯಿ ಕದ್ದು ಸಿಕ್ಕಿಬಿದ್ದೆ. ಕೈಗೆ ಕೋಲಿನಿಂದ ನಾಲ್ಕು ಏಟು ಬಿದ್ದವು. ಏಟು ತಿನ್ನುವಾಗಲೂ ಬಾಯಲ್ಲಿದ್ದ ಕೊಬ್ಬರಿಯನ್ನು ನಾನು ಉಗಿಯಲಿಲ್ಲ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಶಾಲೆಗೆ ಲೇಡಿ ಡಾಕ್ಟರೊಬ್ಬರು ಬಂದು ಮಕ್ಕಳನ್ನೆಲ್ಲ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನನ್ನ ಸರದಿ ಬಂದಾಗ ಮುಳ್ಳನ್ನು ಎರಡು ಸಲ ನೋಡಿದರು. ಉಳಿದ ಮಕ್ಕಳ ಚೀಟಿಯಲ್ಲಿ ಹಾಲು, ಸೊಪ್ಪು ಹೆಚ್ಚಿಸಿ ಎಂದು ಬರೆದವರು ನನ್ನ ಚೀಟಿಯಲ್ಲಿ ಊಟ ಅರ್ಧಕ್ಕೆ ಇಳಿಸಿ ಎಂದು ಬರೆದರು. ಅಪ್ಪ ಆ ಚೀಟಿ ಓದಿ ನಾಲ್ಕು ಮಡಿಕೆ ಮಾಡಿ ಗೂಡಿನಲ್ಲಿಟ್ಟ.

"ಮಗಳ ಹೊಟ್ಟೆ ಕಟ್ಟೋಕೆ ನಾನು ಕೆಲಸಕ್ಕೆ ಸೇರಿದ್ದಾ?" ಎಂದ. "ಅವಳ ಅವ್ವ ಒಣಗಿ ಸತ್ತಳು. ಇವಳು ಮೈ ತುಂಬಿಕೊಂಡಿದ್ದಾಳೆ ಅಂತ ಇವರಿಗೆ ಹೊಟ್ಟೆಕಿಚ್ಚು."

ಓದು ಬಾರದ ಅತ್ತೆ ಮಾತ್ರ ಆ ಚೀಟಿಯನ್ನು ಮರೆಯಲಿಲ್ಲ. ಅಪ್ಪ ಕಚೇರಿಗೆ ಹೋದ ಮೇಲೆ ನನ್ನಿಂದ ಮೂರು ಸಲ ಓದಿಸಿದಳು. ಮಾರನೆಯ ದಿನದಿಂದ ಅಪ್ಪನಿಗೆ ತಿಳಿಯದಂತೆ ನನಗೆ ಅರ್ಧ ಬಡಿಸತೊಡಗಿದಳು. ಅಪ್ಪ ಉಂಡು ಹೋಗುವ ತನಕ ನನ್ನ ತಲೆ ಬಾಚುತ್ತ ಕೂರಿಸಿಕೊಂಡು, ಅವನು ಸೈಕಲ್ ಹತ್ತಿದ ಮೇಲೆ ತಟ್ಟೆ ಇಡುತ್ತಿದ್ದಳು. ಆ ವಾರ ನನ್ನ ಬದುಕಿನಲ್ಲೇ ಕೆಟ್ಟ ವಾರ. ಅರ್ಧ ಉಂಡರೆ ಹಸಿವು ಅರ್ಧ ಹೊತ್ತಿಗೆ ಬರುತ್ತಿತ್ತು, ಅಷ್ಟೇ. ಶಾಲೆಯಿಂದ ಬಂದವಳು ಅಡುಗೆಮನೆಗೆ ನುಗ್ಗಿ ಸಕ್ಕರೆ ಡಬ್ಬಕ್ಕೆ ಕೈ ಹಾಕುತ್ತಿದ್ದೆ.

ಆರನೆಯ ದಿನ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತಿದ್ದದ್ದು ನನಗೆ ಕಾಣಲಿಲ್ಲ. ಮುಷ್ಟಿ ತುಂಬ ಸಕ್ಕರೆ ಬಾಯಿಗೆ ಹಾಕಿಕೊಂಡು ತಿರುಗಿದರೆ ನನ್ನನ್ನೇ ನೋಡುತ್ತಿದ್ದಾಳೆ. ಬೈಯುತ್ತಾಳೆಂದು ನಿಂತೆ. ಅವಳು ಬೈಯಲಿಲ್ಲ. ಹತ್ತಿರ ಕರೆದು, ಮೇಯಲು ಹೋಗಿ ಬಂದ ಕುರಿಯನ್ನು ನೋಡುವ ಹಾಗೆ ಹೊಟ್ಟೆ ಒತ್ತಿ ನೋಡಿದಳು.

"ಸಕ್ರೆ ತಿಂದ್ಮ್ಯಾಗೆ ಹಸಿವು ಹೋಯ್ತದಾ?"

"ಹೋಗುತ್ತೆ. ಆಮೇಲೆ ಇನ್ನೂ ಜಾಸ್ತಿ ಬರುತ್ತೆ."

"ಅನ್ನ ಉಂಡ್ರೂ ಅಂಗೇನಾ?"

"ಹೂಂ."

ಅತ್ತೆ ನನ್ನ ಬಾಯಿಗೆ ಅಂಟಿದ್ದ ಸಕ್ಕರೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ಮುಂಗಾರು ಬಿದ್ದ ಹೊಸದ್ರಲ್ಲಿ ಎಳೇ ಹುಲ್ಲು ಹುಟ್ಟುತ್ತಲ್ಲ, ಅದನ್ನ ಮೇದ ಕುರಿ ಇಂಗೇ ಮಾಡೋದು" ಎಂದಳು. "ಬೆಳಕರಿದಾಗ್ಲಿಂದ ಬೈಗಿನ ತಂಕ ನೆಲದಿಂದ ಬಾಯಿ ಎತ್ತಲ್ಲ. ಹೊಟ್ಟೆ ಊದ್ಕಂತೈತೆ, ಆದ್ರೂ ಆಸೆ ತೀರಲ್ಲ. ಬೇಸಿಗೇಲಿ ಅದೇ ಕುರಿಗೆ ಹುರುಳಿ ಹೊಟ್ಟು ಹಾಕು, ನಾಲ್ಕು ಬಾಯಿ ತಿಂದು ಮರದ ಬುಡದಾಗೆ ಮನಿಕ್ಕಂಡು ಮೆಲುಕು ಹಾಕ್ತೈತೆ. ನಿನ್ನ ಕಾಯಿಲೆ ಜಾಸ್ತಿ ತಿನ್ನೋದಲ್ಲ ಕಣ್ಮಗ. ತಿಂದಿದ್ದು ನಿಲ್ತಾ ಇಲ್ಲ."

ಡಾಕ್ಟರು ಎಷ್ಟು ತಿನ್ನಬೇಕು ಎಂಬುದನ್ನು ನೋಡಿದ್ದರು. ಅಪ್ಪ ಎಷ್ಟು ಬೆಳ್ಳಗಿದೆ ಎಂಬುದನ್ನು ನೋಡುತ್ತಿದ್ದ. ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದವಳು ಇವಳೊಬ್ಬಳೇ. ಇದನ್ನೆಲ್ಲ ಅವಳು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ, ಕುರಿ ಕಾಯುವವರಿಗೆ ಕುರಿಯ ಹೊಟ್ಟೆ ನೋಡುವುದೇ ಕೆಲಸ.

ಪುರವರದಿಂದ ಸೊಪ್ಪು ಮಾರಲು ಬರುತ್ತಿದ್ದ ಚಿಕ್ಕಹನುಮಕ್ಕನಿಗೆ ನನ್ನ ಪಾಲಿನ ಅಕ್ಕಿ ಕೊಟ್ಟು ಅತ್ತೆ ರಾಗಿಹಿಟ್ಟು ತೆಗೆದುಕೊಂಡಳು. ಹಿತ್ತಲಿನ ಕೋಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದು ಒಳಗೆ ತಂದಳು. ದಸರಾ ರಜ ಮುಗಿದು ಶಾಲೆ ಶುರುವಾದ ದಿನ, ಅಪ್ಪನ ಸೈಕಲ್ ಬೀದಿ ತಿರುಗಿದ್ದೇ ತಡ, ಎಸರು ಇಟ್ಟು ಹಿಟ್ಟು ತಿರುವಿದಳು. ಕಿಟಕಿ ಬಾಗಿಲು ಎಲ್ಲ ತೆಗೆದಿದ್ದಳು, ವಾಸನೆ ಹೋಗಲಿ ಎಂದು. ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡ ಉಂಡೆ, ಸುತ್ತ ಹುರುಳಿಕಾಳಿನ ಸಾರು, ಜೊತೆಗೆ ಒಂದು ಹಿಡಿ ಸೊಪ್ಪು.

ನನಗೆ ನುಂಗಲು ಬರಲಿಲ್ಲ. ಅಗಿದೆ. ಹಲ್ಲಿಗೆಲ್ಲ ಅಂಟಿಕೊಂಡಿತು. "ಅಗೀಬಾರ್ದು ಕಣ್ಮಗ, ಸಾರಲ್ಲಿ ಅದ್ದಿ ಜಾರುಸ್ಬೇಕು" ಎಂದು ಅತ್ತೆ ತಾನೊಂದು ತುತ್ತು ನುಂಗಿ ತೋರಿಸಿದಳು. ಆರು ವರ್ಷದ ಮೇಲೆ ಅವಳು ಉಂಡ ಮೊದಲ ತುತ್ತು ಅದು. ಕಣ್ಣು ಮುಚ್ಚಿಕೊಂಡಳು. ಆಮೇಲೆ ನನ್ನ ಗಲ್ಲ ಹಿಡಿದು, ಸತ್ತ ಅವ್ವನ ಮೇಲೆ ಆಣೆ ಇಡಿಸಿ, "ಇದರ ಹೆಸರನ್ನ ನಿಮ್ಮಪ್ಪನ ಮುಂದೆ ಎತ್ತಬ್ಯಾಡ" ಎಂದಳು.

ಆ ದಿನ ಶಾಲೆಯಲ್ಲಿ ಏನೋ ತಪ್ಪಿಹೋಗಿದೆ ಎನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಎರಡನೆಯ ಪೀರಿಯಡ್ಡು ಮುಗಿಯಿತು, ಮೂರನೆಯದೂ ಮುಗಿಯಿತು. ಮೇಷ್ಟ್ರು ಹೇಳಿದ ಭಾಗಾಕಾರ ತಲೆಗೆ ಹೋಯಿತು. ಮಧ್ಯಾಹ್ನದ ಬೆಲ್ಲು ಹೊಡೆದಾಗ ಡಬ್ಬಿ ತುಂಬ ಮೊಸರನ್ನ ಹಾಗೇ ಇತ್ತು. ಆಗ ಗೊತ್ತಾಯಿತು, ತಪ್ಪಿಹೋಗಿದ್ದದ್ದು ಹಸಿವು. ಬುದ್ಧಿ ತಿಳಿದಾಗಿನಿಂದ ನನ್ನ ಜೊತೆಗಿದ್ದ ಅದು ಅವತ್ತು ಶಾಲೆಗೆ ಬಂದಿರಲಿಲ್ಲ. ನನಗೆ ಅಳು ಬಂತು. ಸಂತೋಷಕ್ಕೆ ಬಂತು ಅಂತ ಈಗ ಹೇಳುತ್ತೇನೆ, ಆಗ ಸುಮ್ಮನೆ ಬಂದಿತ್ತು.

ಮೂರು ತಿಂಗಳು ಹೀಗೆ ನಡೆಯಿತು. ನಾನು ಕಡ್ಡಿಯೇನೂ ಆಗಲಿಲ್ಲ. ಲಂಗದ ಲಾಡಿಯನ್ನು ಎರಡು ಬೆರಳು ಎಳೆದು ಕಟ್ಟುವ ಹಾಗಾಯಿತು, ಓಡಿದರೆ ಮೊದಲಿನಷ್ಟು ಏದುಸಿರು ಬರುತ್ತಿರಲಿಲ್ಲ. ಒಂದು ದಿನ ಹುಡುಗಿಯರು ಕುಂಟಾಬಿಲ್ಲೆಗೆ ಕರೆದರು. ರಾತ್ರಿ ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವಳು ಒಂದೇ ಸಲಕ್ಕೆ ಕೈ ಅಡ್ಡ ಹಿಡಿದು, "ಹಸಿವಿಲ್ಲಪ್ಪ" ಅನ್ನತೊಡಗಿದೆ.

ಅಪ್ಪನಿಗೆ ಆ ಮಾತು ಸಿಡಿಲಿನ ಹಾಗೆ ಕೇಳಿಸುತ್ತಿತ್ತು ಎಂದು ನನಗೆ ಆಗ ತಿಳಿಯಲಿಲ್ಲ. ಅವ್ವ ಕೊನೆಯ ದಿನಗಳಲ್ಲಿ ಹೇಳುತ್ತಿದ್ದದ್ದು ಅದನ್ನೇ ಅಂತೆ. ಸಂಕ್ರಾಂತಿಗೆ ಎಳ್ಳು ಕೊಡಲು ಬಂದ ಕಚೇರಿಯ ಶಂಕರಲಿಂಗಪ್ಪನವರು ನನ್ನನ್ನು ನೋಡಿ, "ಏನ್ರೀ ಕ್ಯಾತಪ್ಪ, ಮಗು ಇಷ್ಟೊಂದು ಸೊರಗಿದೆ? ತಾಯಿ ಇಲ್ಲದ ಮಗು, ಹೊಟ್ಟೆಗೆ ಸರಿಯಾಗಿ ಹಾಕ್ತಾರೋ ಇಲ್ವೋ ನೀವೇ ನೋಡ್ಕೋಬೇಕು" ಎಂದರು. ಒಳ್ಳೆಯ ಮನುಷ್ಯರೇ ಅವರು. ಒಳ್ಳೆಯವರು ಸುಮ್ಮನೆ ಎಳ್ಳು ಕೊಟ್ಟು ಹೋಗಬಾರದೇ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವರು ಹೋದ ಮೇಲೆ ಅಪ್ಪ ನನ್ನನ್ನು ನಡುಮನೆಗೆ ಕರೆದು ಎದುರಿಗೆ ನಿಲ್ಲಿಸಿಕೊಂಡ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ನಾನು ಹೋದ ಮೇಲೆ ಬೆಳಿಗ್ಗೆ ಅತ್ತೆ ನಿನಗೆ ಅನ್ನ ಹಾಕ್ತಾಳಾ?" ಎಂದ.

ನಾನು ಅತ್ತೆಯ ಮುಖ ನೋಡಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿದ್ದಳು.

"ಅವಳನ್ನ ಯಾಕೆ ನೋಡ್ತೀಯಾ? ಹೆದರಬೇಡ. ಹಾಕ್ತಾಳಾ ಇಲ್ವಾ?"

"ಅನ್ನ ಹಾಕಲ್ಲ" ಎಂದೆ.

"ಎಷ್ಟು ದಿನದಿಂದ?"

"ದಸರಾದಿಂದ."

ಅಷ್ಟೇ ನಾನು ಆಡಿದ್ದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅನ್ನ ಹಾಕಲ್ಲ ಎಂದರೆ ನಮ್ಮ ಭಾಷೆಯಲ್ಲಿ ಏನರ್ಥ ಎಂದು ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತದೆ. ಉಪವಾಸ ಕೆಡವುತ್ತಾಳೆ ಎಂದರ್ಥ. ಅದರ ಬದಲು ಹಿಟ್ಟು ಹಾಕುತ್ತಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಣೆ ನೆನಪಾಯಿತು, ಅಪ್ಪನ ಕಣ್ಣು ನೋಡಿ ಭಯವಾಯಿತು, ನುಂಗಿಬಿಟ್ಟೆ.

ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಕ್ಕ, ಮಗು ಹೇಳ್ತಿರೋದು ನಿಜಾನಾ? ಅನ್ನ ಹಾಕಿಲ್ವಾ?" ಎಂದು ಮೆಲ್ಲಗೆ ಕೇಳಿದ.

ಅತ್ತೆ ನನ್ನನ್ನೊಮ್ಮೆ ನೋಡಿದಳು. "ನಿಜ ಕಣಪ್ಪ. ಹಾಕಿಲ್ಲ" ಎಂದಳು.

"ಯಾಕೆ?"

ಅವಳು ಮೊರದಲ್ಲಿದ್ದ ಕಾಳನ್ನು ಪಾತ್ರೆಗೆ ಸುರಿದು, ಸಿಪ್ಪೆ ಗುಡಿಸಿ, ಎದ್ದು ತನ್ನ ಬಟ್ಟೆ ಮಡಿಸತೊಡಗಿದಳು. ಮಾರನೆಯ ಬೆಳಿಗ್ಗೆ ಅಪ್ಪನೇ ಸಿರಾ ಬಸ್ಸಿಗೆ ಹತ್ತಿಸಿ ಬಂದ. ಎತ್ತಿ ಬೆಳೆಸಿದ ಅಕ್ಕನನ್ನು ಹಾಗೆ ಕಳಿಸಿದವನು ಆ ದಿನ ಕಚೇರಿಗೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಹಿಟ್ಟಿನ ಕೋಲು ನಮ್ಮಲ್ಲೇ ಉಳಿಯಿತು, ಮತ್ತೆ ಹಿತ್ತಲಿಗೆ ಹೋಯಿತು.

ಅಲ್ಲಿಂದ ಮುಂದೆ ಹೇಳುವಂಥದ್ದೇನೂ ಇಲ್ಲ. ಅನ್ನ ಬಂತು, ಬನ್ನು ಬಂತು, ಹಸಿವು ಬಂತು. ಲಾಡಿ ಮತ್ತೆ ಬಿಗಿಯಾಯಿತು. ಹನ್ನೆರಡಕ್ಕೆಲ್ಲ ನಾನೇ ಅಡುಗೆ ಮಾಡತೊಡಗಿದೆ, ಮಾಡುತ್ತಲೇ ತಿನ್ನುತ್ತಿದ್ದೆ, ಬಡಿಸುತ್ತಲೂ ತಿನ್ನುತ್ತಿದ್ದೆ. ಅಪ್ಪ ನೆಮ್ಮದಿಯಾಗಿದ್ದ. ನಿಜ ಹೇಳಬೇಕೆಂದು ಪ್ರತಿ ವರ್ಷ ಸಂಕ್ರಾಂತಿಗೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಆ ಮಾತು ಎತ್ತಬೇಕು, ಎತ್ತಿದರೆ ಅವ್ವ ಮತ್ತೆ ಮನೆಯೊಳಗೆ ಸತ್ತ ಹಾಗಾಗುತ್ತದೆ, ಆಗಲಿ ಮುಂದಿನ ವರ್ಷ ಎಂದು ಬಿಡುತ್ತಿದ್ದೆ. ಹೇಡಿತನಕ್ಕೆ ಕಾರಣಗಳಿಗೇನು ಬರವೇ. ಅಪ್ಪ ದೀಪಾವಳಿಗೊಂದು ಸೀರೆಯನ್ನು ಹಟ್ಟಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ತಾನು ಹೋಗುತ್ತಿರಲಿಲ್ಲ.

ಎಂಬತ್ತಾರರಲ್ಲಿ ಅಪ್ಪನಿಗೆ ಕಾಲಿನಲ್ಲಿ ಒಂದು ಹುಣ್ಣಾಗಿ ಎರಡು ತಿಂಗಳಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಡಾಕ್ಟರ ಬಳಿಯಿಂದ ಬಂದವನು ಚೀಟಿಯನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು ಹೊರಗೆ ಹೋಗಿ ಕೂತ. ತೆಗೆದು ನೋಡಿದೆ. ಮಾತ್ರೆಯ ಹೆಸರಿನ ಕೆಳಗೆ, ಅನ್ನ ಕಡಿಮೆ, ಬೆಳಿಗ್ಗೆ ರಾತ್ರಿ ಸಣ್ಣ ರಾಗಿಮುದ್ದೆ, ಕಾಳು, ಸೊಪ್ಪು ಎಂದು ಬರೆದಿತ್ತು. ನಗು ಬಂತು. ಒಳ್ಳೆಯ ನಗುವಲ್ಲ ಅದು.

ಹಿತ್ತಲಿನ ಕೋಲು ತಂದು, ಸೋಡದ ಬಿಳುಪು ಹೋಗುವ ತನಕ ಚಾಕುವಿನಿಂದ ಹೆರೆದು ತೊಳೆದೆ. ಅತ್ತೆ ತಿರುವುತ್ತಿದ್ದದ್ದನ್ನು ನೆನಪು ಮಾಡಿಕೊಂಡು ತಿರುವಿದೆ. ಗಂಟು ಗಂಟಾಯಿತು. ಆದರೂ ಉಂಡೆ ಕಟ್ಟಿ ಹುರುಳಿ ಸಾರು ಬಿಟ್ಟು ಅಪ್ಪನ ಮುಂದಿಟ್ಟೆ. ಅವನು ಬಹಳ ಹೊತ್ತು ತಟ್ಟೆ ನೋಡಿದ. ಆಮೇಲೆ ಮುರಿದು ಅದ್ದಿ ನುಂಗಿದ. ನುಂಗುವುದನ್ನು ಅವನು ಮರೆತಿರಲಿಲ್ಲ.

"ಇದನ್ನ ಎಲ್ಲಿ ಕಲಿತೆ?" ಎಂದ.

ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು. "ಅತ್ತೆ ಆವಾಗ ಬೆಳಿಗ್ಗೆ ನನಗೆ ಹಾಕ್ತಿದ್ದದ್ದು ಇದನ್ನೇ. ದಸರಾದಿಂದ ಸಂಕ್ರಾಂತಿ ತನಕ, ದಿನಾ, ಹೊಟ್ಟೆ ತುಂಬ" ಎಂದೆ.

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಅನ್ನ ಹಾಕಲ್ಲ ಅಂದೆಯಲ್ಲ ನೀನು."

"ಅನ್ನ ಹಾಕ್ತಿರಲಿಲ್ಲವಲ್ಲ."

"ಇದು ಅಂತ ಯಾಕೆ ಹೇಳಲಿಲ್ಲ?"

"ಈ ಮಾತು ಆಡಬಾರದು ಅಂದಿದ್ದೆಯಲ್ಲಪ್ಪ."

ಅವನು ತಟ್ಟೆಯಲ್ಲಿದ್ದದ್ದನ್ನು ಗಂಟುಗಳ ಸಮೇತ ಪೂರ್ತಿ ಉಂಡು, ಕೈ ತೊಳೆದು, "ನಾಳೆ ಹಟ್ಟಿಗೆ ಹೋಗೋಣ" ಎಂದ.

ಹಟ್ಟಿಯಲ್ಲಿ ಅತ್ತೆ ಅಪ್ಪನ ಚಿಕ್ಕಪ್ಪನ ಮಗ ಜುಂಜಪ್ಪನ ಮನೆಯಲ್ಲಿದ್ದಳು. ಅವರೆಲ್ಲ ಕುರಿಗಳ ಜೊತೆ ಹೋಗಿದ್ದರು. ಅವಳು ಜಗಲಿಯ ಮೇಲೆ ಕೂತು, ತಾಯಿ ಸತ್ತ ಕುರಿಮರಿಯೊಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದಳು. ಬಲಗೈ ಸೊರಗಿತ್ತು, ಬೆರಳು ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದಳು. ತಮ್ಮನ ಗುರುತು ಹತ್ತಿತು.

"ಬಂದ್ಯಾ ಕ್ಯಾತಪ್ಪ. ಹಿಟ್ಟು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಒಂದು ಗಳಿಗೆ ಬಿಟ್ಟು, ನಮ್ಮ ಮನೆಯಲ್ಲಿ ಕಲಿತಿದ್ದ ಮಾತಿನಲ್ಲಿ, "ಊಟ ಆಯ್ತಾ?" ಎಂದಳು.

ಆರು ವರ್ಷದ ಮೇಲೂ, ತನ್ನ ಹಟ್ಟಿಯಲ್ಲಿ, ತನ್ನ ಜಗಲಿಯ ಮೇಲೆ ಕೂತು ಅವಳು ಆ ಮಾತನ್ನು ನುಂಗಿಕೊಂಡಳು. ಅಪ್ಪ ಅವಳ ಕಾಲ ಬಳಿ ಕುಕ್ಕರಿಸಿದ. ಮಧುಗಿರಿಯಲ್ಲಿ ಅವನು ಹಟ್ಟಿಯ ಮಾತು ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಇಲ್ಲ ಕಣಕ್ಕ" ಎಂದ. "ಹಿಟ್ಟಿದ್ರೆ ಇಕ್ಕು."

ಅವಳ ಕೈಯಲ್ಲಿ ತಿರುವುವ ಶಕ್ತಿ ಇರಲಿಲ್ಲ. ನಾನು ಒಲೆಯ ಮುಂದೆ ಕೂತೆ, ಅವಳು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಹಿಟ್ಟನ್ನು ಎಸರಿನ ನಡುವೆ ಗುಡ್ಡೆಯಾಗಿ ಸುರಿ, ಕೂಡಲೇ ಕೈ ಹಾಕಬ್ಯಾಡ, ಬೇಯಲಿ, ಆಮೇಲೆ ಕೋಲಿಂದ ತೂತು ಮಾಡು. ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡು ಕೇಳಿದೆ, "ಅತ್ತೆ, ಆವತ್ತು ನೀನಾದರೂ ಯಾಕೆ ಬಾಯಿ ಬಿಡಲಿಲ್ಲ? ನಾನು ನಿನ್ನ ಮೇಲೆ ಹಾಗೆ ಹೇಳಿದ್ದು ತಪ್ಪಲ್ವಾ?"

"ನೀನೇನು ಸುಳ್ಳು ಹೇಳಿದ್ಯಾ? ನಾನು ಅನ್ನ ಹಾಕಿರಲಿಲ್ಲ" ಎಂದಳು. "ಹಿಟ್ಟು ಇಕ್ತಿದ್ದೆ ಅಂದ್ಬುಟ್ಟಿದ್ರೆ ನಿಮ್ಮಪ್ಪ ದಿನಾ ನಿನ್ನ ಮುಖ ನೋಡ್ಕಂಡು, ಇವಳೂ ಸಾಯ್ತಾಳೆ ಅಂತ ಹೆದರ್ಕಂಡು ಸಾಯೋನು. ನನ್ನ ಮ್ಯಾಲೆ ಸಿಟ್ಟಾದ್ರೆ ಅದು ನನಗೆ ಒಬ್ಬಳಿಗೆ. ಬುಡು ಅತ್ಲಾಗೆ. ತಿರುವು, ಗಂಟಾಗ್ತದೆ."

ಮೂವರೂ ಉಂಡೆವು. ನಮ್ಮ ಜೊತೆ ಬಾ ಎಂದು ಅಪ್ಪ ಎರಡು ಸಲ ಕರೆದ. ಮರಿಗೆ ಹಾಲು ಕುಡಿಸೋರಿಲ್ಲ ಎಂದಳು ಅವಳು. ಮೂರನೆಯ ಸಲ ಕರೆಯುವ ಮುಖ ಅಪ್ಪನಿಗಿರಲಿಲ್ಲ.

ಸಿರಾ ಬಸ್ ನಿಲ್ದಾಣದಲ್ಲಿ ಮಧುಗಿರಿಯ ಬಸ್ಸಿಗೆ ಕಾಯುವಾಗ ಸಂಜೆ ನಾಲ್ಕೂವರೆ ಆಗಿತ್ತು. ಅಪ್ಪ ಅಭ್ಯಾಸದಂತೆ ಎದ್ದು ಬೇಕರಿಯ ಕಡೆ ಹೊರಟ, ನನಗೆ ಬನ್ನು ತರಲು.

"ಬೇಡಪ್ಪ" ಎಂದೆ. "ಹಸಿವಿಲ್ಲ."

ಅವನು ತಿರುಗಿ ನನ್ನನ್ನು ನೋಡಿದ. ಆರು ವರ್ಷದ ಹಿಂದೆ ಆ ಮಾತು ಕೇಳಿಯೇ ಅವನು ತನ್ನ ಅಕ್ಕನನ್ನು ಇದೇ ದಾರಿಯಲ್ಲಿ ಬಸ್ಸು ಹತ್ತಿಸಿದ್ದು. ವಾಪಸು ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಟವಲಿನಿಂದ ಮುಖ ಮುಚ್ಚಿಕೊಂಡು, ಅಷ್ಟು ಜನರ ನಡುವೆ, ನಮ್ಮ ಬಸ್ಸು ಬರುವ ತನಕ ಅಳುತ್ತ ಕೂತಿದ್ದ.